ಕೋಡ್ ಕೊಡುವ ಅಥೆಂಟಿಕೇಟರ್ ಆಪ್ ಇದ್ದ ಫೋನ್ ಹಾಳಾಗಿದೆ. ಬಿಟ್‌ಕಾಯಿನ್ ಇಡುವ ಎಲೆಕ್ಟ್ರಮ್ ಆಪ್‌ನ ಟೂ-ಫ್ಯಾಕ್ಟರ್ ವ್ಯಾಲೆಟ್‌ಗೆ (ದುಡ್ಡು ಕಳಿಸುವಾಗ ಕೋಡ್ ಕೇಳುವ ವ್ಯಾಲೆಟ್) ಕೋಡ್ ವಾಪಸ್ ಪಡೆಯೋದು ಹೇಗೆ?

ಕೋಡ್ ಹಿಂದೆ ಬೀಳಬೇಡಿ. ಅದು ನಿಮಗೆ ಬೇಕಾಗಿಯೇ ಇಲ್ಲ. ವ್ಯಾಲೆಟ್ ಮಾಡುವಾಗ ಅದು ತೋರಿಸಿದ ಸೀಡ್ ಪದಗಳನ್ನು, ಅಂದರೆ ವ್ಯಾಲೆಟ್ ಮತ್ತೆ ತೆರೆಯೋ ಪದಗಳ ಸಾಲನ್ನು, ಬರೆದಿಟ್ಟಿದ್ದೀರಿ ಅಲ್ವಾ? ಅಷ್ಟು ಸಾಕು.

ನನಗೂ ಹೀಗೇ ಆಗಿತ್ತು, 2022ರ ಮೇನಲ್ಲಿ. ಕಲಬುರಗಿ ಬಿಸಿಲಿಗೆ ಫೋನಿನ ಬ್ಯಾಟರಿ ಉಬ್ಬಿ ಡಿಸ್‌ಪ್ಲೇ ಒಂದು ಕಡೆ ಎದ್ದು ನಿಂತಿತ್ತು. ಸೂಪರ್ ಮಾರ್ಕೆಟ್ ಹತ್ತಿರದ ರಿಪೇರಿ ಅಂಗಡಿಯ ಹುಡುಗ ಬಿಚ್ಚಿ ನೋಡಿ, "ಬೋರ್ಡೇ ಹೋಗ್ಯಾದ್ರಿ ಅಣ್ಣಾ" ಅಂದ. ಅಥೆಂಟಿಕೇಟರ್ ಅದರ ಜೊತೆಗೇ ಹೋಯಿತು. ಸೀಡ್ ಬರೆದ ಚೀಟಿ ಮಾತ್ರ ಪಾಸ್‌ಬುಕ್ ಒಳಗೆ ಭದ್ರವಾಗಿತ್ತು.

ನಾನು ಕೆಟ್ಟಿದ್ದು ಇದರ ನಂತರ. ಆ ಪದಗಳನ್ನು ಬೇರೊಂದು ವ್ಯಾಲೆಟ್ ಆಪ್‌ಗೆ ಹಾಕಿದೆ. ಪದಗಳು ತಪ್ಪು ಅಂತ ಬಂತು. ಎಲೆಕ್ಟ್ರಮ್ ಸೀಡ್ ನೋಡೋಕೆ ಬೇರೆ ಸೀಡ್‌ಗಳ ಥರಾನೇ ಇರುತ್ತದೆ, ಅವೇ ಇಂಗ್ಲಿಷ್ ಪದಗಳು. ಆದರೆ ಬೇರೆ ಆಪ್‌ಗಳು ಹೆಚ್ಚಾಗಿ ಸೀಡ್‌ಗೆ ಬಿಪ್-39 ಅನ್ನೋ ಪದ್ಧತಿ ಬಳಸುತ್ತವೆ, ಎಲೆಕ್ಟ್ರಮ್ ಲೆಕ್ಕವೇ ಬೇರೆ. ಹಾಗಾಗಿ ಸರಿಯಾದ ಪದಗಳನ್ನೇ ತಪ್ಪು ಅನ್ನುತ್ತವೆ. ಇದು ಗೊತ್ತಿಲ್ಲದೆ, ಬರೆಯುವಾಗಲೇ ಎಡವಿದ್ದೇನೆ ಅಂದುಕೊಂಡೆ. ಪದ ಹಿಂದೆಮುಂದೆ ಮಾಡಿದೆ, ಸ್ಪೆಲ್ಲಿಂಗ್ ಬದಲಿಸಿದೆ. ಕೊನೆಗೆ ದುಡ್ಡು ಹೋಯಿತು ಅಂತ ಕೈಬಿಟ್ಟೆ. ಸರಿದಾರಿ ಸಿಗುವಷ್ಟರಲ್ಲಿ ನವೆಂಬರ್ ಬಂತು, ಬಿಟ್‌ಕಾಯಿನ್ ರೇಟು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಮಗಳ ಕಾಲೇಜ್ ಫೀಸಿಗೆ ಸಾಲ ಮಾಡಬೇಕಾಯಿತು.

ಕೋಡ್ ಯಾಕೆ ಬೇಡ ಅಂದರೆ, ಎಲೆಕ್ಟ್ರಮ್ ಟೂ-ಫ್ಯಾಕ್ಟರ್ ವ್ಯಾಲೆಟ್‌ಗೆ ಡಿಜಿಟಲ್ ಕೀಲಿ ಮೂರು, ದುಡ್ಡು ಕಳಿಸೋಕೆ ಎರಡರ ಸಹಿ ಬೇಕು. ಒಂದು ಕೀಲಿ ಟ್ರಸ್ಟೆಡ್‌ಕಾಯಿನ್ ಅನ್ನೋ ಕಂಪನಿ ಹತ್ತಿರ ಇರುತ್ತದೆ, ಅವರ ಸಹಿಗೆ ಮಾತ್ರ ಆ ಕೋಡ್. ಉಳಿದ ಎರಡೂ ನಿಮ್ಮ ಸೀಡ್‌ನಿಂದಲೇ ಹುಟ್ಟುತ್ತವೆ.

ಕಂಪ್ಯೂಟರ್‌ನಲ್ಲಿ ಎಲೆಕ್ಟ್ರಮ್ ಹಾಕಿಕೊಳ್ಳಿ, ಅದರದೇ ಅಧಿಕೃತ ಸೈಟ್‌ನಿಂದ ಮಾತ್ರ. 2018ರ ಕೊನೆಯಲ್ಲಿ ನಕಲಿ ಅಪ್‌ಡೇಟ್ ನಂಬಿ ಎಷ್ಟೋ ಜನ ದುಡ್ಡು ಕಳಕೊಂಡರು. ಹೊಸ ಫೈಲ್ ಮಾಡಿ, ಸ್ಟ್ಯಾಂಡರ್ಡ್ ಅಲ್ಲ, ಟೂ-ಫ್ಯಾಕ್ಟರ್ ವ್ಯಾಲೆಟ್ ಅಂತಲೇ ಆರಿಸಿ. ಸೀಡ್ ಈಗಾಗಲೇ ಇದೆ ಅನ್ನಿ, ಪದಗಳನ್ನು ಹಾಕಿ. ಟೂ-ಫ್ಯಾಕ್ಟರ್ ಇಟ್ಟುಕೊಳ್ಳುತ್ತೀರಾ, ತೆಗೆಯುತ್ತೀರಾ ಅಂತ ಕೇಳುತ್ತದೆ. ತೆಗೆಯಿರಿ. ಬ್ಯಾಲೆನ್ಸ್ ಕಾಣುತ್ತದೆ.

ಅಲ್ಲಿಗೇ ಬಿಡಬೇಡಿ. ಎರಡೂ ಕೀಲಿ ಈಗ ಒಂದೇ ಕಂಪ್ಯೂಟರ್‌ನಲ್ಲಿವೆ. ಹೊಸ ಸ್ಟ್ಯಾಂಡರ್ಡ್ ವ್ಯಾಲೆಟ್ ಮಾಡಿ, ಅದರ ಸೀಡ್ ಬರೆದುಕೊಂಡು, ಮೊದಲು ಸ್ವಲ್ಪ ಕಳಿಸಿ ನೋಡಿ, ಆಮೇಲೆ ಪೂರ್ತಿ.

ಟೆಲಿಗ್ರಾಂನಲ್ಲಿ ರಿಕವರಿ ಮಾಡಿಕೊಡ್ತೀನಿ ಅನ್ನೋರಿಗೆ ಒಂದು ಪದವನ್ನೂ ಹೇಳಬೇಡಿ. ಈಗಾಗಲೇ ಕೊಟ್ಟಿದ್ದರೆ ಇವತ್ತೇ ದುಡ್ಡನ್ನು ಹೊಸ ವ್ಯಾಲೆಟ್‌ಗೆ ಸಾಗಿಸಿ. ದುಡ್ಡು ಹೋಗೇಬಿಟ್ಟಿದ್ದರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ.