ಜ್ವಾಲಾಮುಖಿಯ ಮೇಲೆ ಕೂತು ಅಳೆದರೆ ಅದರ ಹೊಗೆಯೇ ಲೆಕ್ಕಕ್ಕೆ ಬರುವುದಿಲ್ಲವೇ?

ಹವಾಯಿಯ ಮೌನಾ ಲೋವಾ ಜೀವಂತ ಜ್ವಾಲಾಮುಖಿ, ಅಲ್ಲಿ ಅಳೆದ ಕಾರ್ಬನ್ ಡೈಆಕ್ಸೈಡ್ ಅಂಕಿಯನ್ನು ನಂಬುವುದು ಹೇಗೆ ಅಂತ ಕೇಳಿದ್ದೀರಿ. ನನಗೂ ಇದೇ ಅನುಮಾನ ಇತ್ತು. ಒಮ್ಮೆ ಅಲ್ಲಿನ ಗಂಟೆಗಂಟೆಯ ಅಂಕಿಗಳನ್ನು ಡೌನ್‌ಲೋಡ್ ಮಾಡಿ, ಗ್ರಾಫ್ ಹಾಕಿ ನೋಡಿದೆ.

ಹೊಗೆ ಕದ್ದುಮುಚ್ಚಿ ಬರುವುದಿಲ್ಲ. ವೀಕ್ಷಣಾಲಯ ಇರುವುದು ಸುಮಾರು 3,400 ಮೀಟರ್ ಎತ್ತರದಲ್ಲಿ, ಬೆಟ್ಟದ ತುದಿಗಿಂತ ಕೆಳಗೆ. ರಾತ್ರಿ ನೆಲ ತಣ್ಣಗಾದಾಗ ಗಾಳಿ ಇಳಿಜಾರಿನಲ್ಲಿ ಕೆಳಗಿಳಿಯುತ್ತದೆ. ಅದರ ಜೊತೆ ಮೇಲಿನ ಬಿರುಕುಗಳ ಅನಿಲ ಬಂದರೆ ಗ್ರಾಫಿನ ಗೆರೆ ಒಂದೇ ಸಮನೆ ಕುಣಿಯುತ್ತದೆ, ಏಕೆಂದರೆ ಅದು ಸುತ್ತಲಿನ ಗಾಳಿಯಲ್ಲಿ ಇನ್ನೂ ಸರಿಯಾಗಿ ಬೆರೆತಿರುವುದಿಲ್ಲ. ಸಾವಿರಾರು ಕಿಲೋಮೀಟರ್ ಸಮುದ್ರ ದಾಟಿ ಬಂದ ಗಾಳಿಯಾದರೆ ಗೆರೆ ಗಂಟೆಗಟ್ಟಲೆ ಹೆಚ್ಚು ಅಲುಗಾಡದೆ ಇರುತ್ತದೆ. ಕುಣಿದ ಗಂಟೆಗಳನ್ನು ಗುರುತು ಹಾಕಿ ಪಕ್ಕಕ್ಕಿಡುತ್ತಾರೆ. ಮಧ್ಯಾಹ್ನದ ಕಥೆ ಉಲ್ಟಾ. ತಪ್ಪಲಿನ ಗಿಡಮರ ಕಾರ್ಬನ್ ಡೈಆಕ್ಸೈಡ್ ಹೀರಿ ಬಿಟ್ಟ ಗಾಳಿ ಮೇಲೇರಿ ಅಂಕಿ ಇಳಿಯುತ್ತದೆ. ಅದನ್ನೂ ಬಿಡುತ್ತಾರೆ.

ನಿಜವಾದ ತಲೆನೋವು ಮೀಟರಿನದು ಅಂತ ನನ್ನ ಅನಿಸಿಕೆ. ಎಂಥ ಯಂತ್ರವೂ ದಿನ ಕಳೆದಂತೆ ಸ್ವಲ್ಪ ಅತ್ತಿತ್ತ ಜಾರುತ್ತದೆ. ಅದಕ್ಕೇ ಪ್ರಮಾಣ ಮೊದಲೇ ಗೊತ್ತಿರುವ ಅನಿಲವನ್ನು ಸಿಲಿಂಡರಿನಿಂದ ಆಗಾಗ ಹಾಯಿಸಿ ತಾಳೆ ನೋಡುತ್ತಾರೆ. ಅಲ್ಲಿ ಈ ಅಳತೆ ಶುರು ಮಾಡಿದ ವಿಜ್ಞಾನಿ ಚಾರ್ಲ್ಸ್ ಡೇವಿಡ್ ಕೀಲಿಂಗ್ ಈ ವಿಷಯದಲ್ಲಿ ಭಾರೀ ಹಠದ ಮನುಷ್ಯ. 1958ರ ಮಾರ್ಚ್‌ನಲ್ಲಿ ಅವರಿಗೆ ಅಲ್ಲಿ ಸಿಕ್ಕ ಅಂಕಿ 313. ಅಂದರೆ ಒಣ ಗಾಳಿಯ 10 ಲಕ್ಷ ಅಣುಗಳಲ್ಲಿ 313. 2025ರ ಮೇ ತಿಂಗಳ ಸರಾಸರಿ 430 ದಾಟಿತು. (ಮೇ ಯಾವಾಗಲೂ ವರ್ಷದ ತುದಿ. ಆಮೇಲೆ ಭೂಮಿಯ ಉತ್ತರಾರ್ಧದ ಗಿಡಗಳು ಚಿಗುರಿ ಹೀರಿಕೊಂಡು, ಸೆಪ್ಟೆಂಬರ್ ಹೊತ್ತಿಗೆ ಐದಾರು ಅಂಕಿ ಇಳಿಯುತ್ತದೆ.)

ಇಷ್ಟಾದರೂ ನಂಬಿಕೆ ಬರಲಿಲ್ಲವೇ? ದಕ್ಷಿಣ ಧ್ರುವದ ಅಂಕಿ ನೋಡಿ. ಅಲ್ಲಿ 1957ರಿಂದಲೇ ಅಳೆಯುತ್ತಿದ್ದಾರೆ. ಹತ್ತಿರದಲ್ಲಿ ಜ್ವಾಲಾಮುಖಿಯೂ ಇಲ್ಲ, ಕಾಡೂ ಇಲ್ಲ. ವರ್ಷದ ಏರಿಳಿತ ತುಂಬಾ ಸಣ್ಣದು, ಆದರೆ ಒಟ್ಟು ಏರಿಕೆ ಹೆಚ್ಚುಕಮ್ಮಿ ಮೌನಾ ಲೋವಾದಷ್ಟೇ. ಮೌನಾ ಲೋವಾದ ಹೊಗೆ ಅಲ್ಲಿಗೆ ಹೋಗಿ ಕೂತಿಲ್ಲ ಅಲ್ವಾ?

ಹಾಗಂತ ಜ್ವಾಲಾಮುಖಿ ಸುಮ್ನೆ ಬಿಟ್ಟಿಲ್ಲ. 2022ರ ನವೆಂಬರ್ ಕೊನೆಯಲ್ಲಿ ಲಾವಾ ಹರಿದು ವೀಕ್ಷಣಾಲಯದ ಕರೆಂಟೂ ರಸ್ತೆಯೂ ಹೋದವು, ಅಳತೆ ನಿಂತೇ ಹೋಯಿತು. ಡಿಸೆಂಬರ್‌ನಲ್ಲಿ ಸುಮಾರು 34 ಕಿಲೋಮೀಟರ್ ಆಚೆಯ ಮೌನಾ ಕೇಯಾ ಬೆಟ್ಟದ ಮೇಲೆ ಮತ್ತೆ ಶುರು ಮಾಡಿದರು. ಬೆಟ್ಟ ಬದಲಾದರೂ ಗೆರೆ ಮೊದಲಿನ ದಾರಿಯಲ್ಲೇ ಮುಂದುವರಿಯಿತು.