ಕಾಡಿನ ಯೋಜನೆ ಮಾಡೋ ಮೊದಲು ಪೋಡಿಗೆ ಬನ್ನಿ

ಚಾಮರಾಜನಗರದ ಗಡಿ ಕಾಡಿನಲ್ಲಿ ಆರೋಗ್ಯ ಪ್ರವಾಸ, ಅಂದರೆ ಕಾಡಿನಲ್ಲಿ ನಿಧಾನವಾಗಿ ನಡೆದು ಮೈಮನಸ್ಸು ಹಗುರ ಮಾಡಿಕೊಳ್ಳುವ ಪ್ರವಾಸ, ಬೆಳೆಸಬೇಕು, ಯೋಜನೆ ಎಲ್ಲಿಂದ ಶುರು ಮಾಡೋದು ಅಂತ ಕೇಳಿದ್ದೀರಿ. ಪೋಡಿನಿಂದ ಶುರು ಮಾಡಿ. ಪೋಡು ಅಂದರೆ ಇಲ್ಲಿನ ಕಾಡಿನ ಆದಿವಾಸಿಗಳಾದ ಸೋಲಿಗರ ಊರು. ಕಾಟೇಜಿಗೆ ಜಾಗ ಹುಡುಕುವ ಮೊದಲು, ನಕ್ಷೆ ಬರೆಯುವ ಮೊದಲು, ಅಲ್ಲಿನ ಗ್ರಾಮಸಭೆಯಲ್ಲಿ ಕೂತು ಮಾತು ಕೇಳಬೇಕು. ಯಾಕೆ ಅಂತ ಗೊತ್ತಾಗಬೇಕಾದರೆ ನಮ್ಮ ಕಡೆಯ ಬದುಕು ಹೇಗಿದೆ ಅಂತ ಸ್ವಲ್ಪ ವಿವರವಾಗಿಯೇ ಹೇಳಬೇಕು.

ನಮ್ಮದು 1997ರಲ್ಲಿ ಮೈಸೂರಿನಿಂದ ಬೇರೆಯಾದ ಜಿಲ್ಲೆ. ಗುಂಡ್ಲುಪೇಟೆ ದಾಟಿ ಒಂದು ದಾರಿ ಹಿಡಿದರೆ ಕೇರಳದ ವಯನಾಡು, ಇನ್ನೊಂದು ದಾರಿ ಹಿಡಿದರೆ ತಮಿಳುನಾಡಿನ ನೀಲಗಿರಿ. ಚಾಮರಾಜನಗರದಿಂದ ಪುಣಜನೂರು ಚೆಕ್‌ಪೋಸ್ಟ್ ದಾಟಿದರೆ ಈರೋಡು ಜಿಲ್ಲೆ. ಗಡಿಯಾಚೆಯ ತಾಳವಾಡಿಯಲ್ಲೂ ಮನೆಮಾತು ಕನ್ನಡವೇ. ಡಾ. ರಾಜ್‌ಕುಮಾರ್ ಹುಟ್ಟಿದ ಗಾಜನೂರು ಇರೋದು ಅಲ್ಲೇ. ದೀಪಾವಳಿ ಮುಗಿದ ಮೇಲೆ ಗುಮಟಾಪುರದಲ್ಲಿ ನಡೆಯುವ, ಸಗಣಿ ಎರಚಾಡುವ ಗೊರೆ ಹಬ್ಬಕ್ಕೆ ಗಡಿಯ ಎರಡೂ ಕಡೆಯ ಜನ ಸೇರುತ್ತಾರೆ. ಹೆಣ್ಣು ಕೊಡೋದು, ತರೋದು, ಸಂತೆ, ದೇವರು, ಎಲ್ಲವೂ ಗಡಿ ದಾಟಿಯೇ ನಡೆಯುತ್ತವೆ. ಆನೆಗಳೂ ಹಾಗೆಯೇ. ಬಂಡೀಪುರ, ಮುದುಮಲೆ, ವಯನಾಡು, ಬಿಳಿಗಿರಿರಂಗನ ಬೆಟ್ಟ, ಸತ್ಯಮಂಗಲ, ಮಲೆ ಮಹದೇಶ್ವರ ಬೆಟ್ಟ ಅಂತ ಸರ್ಕಾರಿ ಕಾಗದದಲ್ಲಿ ಬೇರೆ ಬೇರೆ ಹೆಸರುಗಳಿವೆ. ಆನೆಗೆ ಅದೆಲ್ಲಾ ಒಂದೇ ಕಾಡು.

ಪ್ರವಾಸಿಗರು ನಮಗೆ ಹೊಸಬರಲ್ಲ. ಮಳೆಗಾಲದಲ್ಲಿ ಗುಂಡ್ಲುಪೇಟೆ ಸುತ್ತ ಸೂರ್ಯಕಾಂತಿ, ಚೆಂಡು ಹೂ ಅರಳಿದಾಗ ಕೇರಳದ ಕಾರುಗಳು ರಸ್ತೆ ಬದಿ ಸಾಲುಗಟ್ಟಿ ನಿಲ್ಲುತ್ತವೆ. ಫೋಟೊ ತೆಗೆಯೋಕೆ ಹೊಲಕ್ಕೆ ಇಳಿಯುತ್ತಾರೆ. ಮೊದಮೊದಲು ರೈತರು ಸುಮ್ಮನಿದ್ದರು, ಗಿಡ ತುಳಿಯೋದು ಜಾಸ್ತಿ ಆದ ಮೇಲೆ ಹೊಲದೊಳಗೆ ಬರೋಕೆ ದುಡ್ಡು ಇಟ್ಟರು. ಯಾವ ಇಲಾಖೆಯೂ ಹೇಳಿಕೊಡದೆ ರೈತರೇ ಕಂಡುಕೊಂಡ ಕ್ರಮ ಅದು. ಊಟಿ ಕಡೆ ನೋಡಿ. 2024ರ ಮೇ ತಿಂಗಳಿಂದ ಊಟಿಗೆ, ಕೊಡೈಕೆನಾಲಿಗೆ ಹೋಗುವವರು ಇ-ಪಾಸ್ ತೆಗೆದುಕೊಳ್ಳಬೇಕು, ಮದ್ರಾಸ್ ಹೈಕೋರ್ಟ್ ಹೇಳಿದ ಮೇಲೆ ಬಂದ ನಿಯಮ. ಒಂದು ಬೆಟ್ಟ ಎಷ್ಟು ಜನರನ್ನು ತಾಳಿಕೊಂಡೀತು ಅಂತ ಮೊದಲೇ ಯೋಚಿಸದಿದ್ದರೆ ಕೊನೆಗೆ ಕೋರ್ಟು ಬಂದು ಹೇಳಬೇಕಾಗುತ್ತದೆ. ಅಲ್ಲಿ ಬಾಗಿಲು ಕಿರಿದಾದರೆ ವಾರಾಂತ್ಯದ ಜನ ಎಲ್ಲಿಗೆ ತಿರುಗುತ್ತಾರೆ? ನಮ್ಮ ಕಡೆಗೇ ಅಲ್ವಾ? ಅದಕ್ಕೇ ಮೂರೂ ರಾಜ್ಯಗಳ ಅಧಿಕಾರಿಗಳು ಒಟ್ಟಿಗೆ ಕೂತು ಮಾಡದ ಯೋಜನೆ ನಮ್ಮಲ್ಲಿ ಅರ್ಧ ಯೋಜನೆಯೇ.

ಕಾಡಿನಲ್ಲಿ ಸುಮ್ನೆ ನಿಧಾನವಾಗಿ ನಡೆಯೋದು, ಕೂರೋದು, ಉಸಿರಾಡೋದು ದೇಹಕ್ಕೆ ಒಳ್ಳೆಯದು ಅನ್ನುವ ಮಾತಿಗೆ ಜಪಾನಿನವರು 1982ರಲ್ಲಿ ಶಿನ್ರಿನ್-ಯೋಕು (ಕಾಡಿನ ಸ್ನಾನ) ಅಂತ ಹೆಸರು ಕೊಟ್ಟು, ಅದನ್ನು ಸರ್ಕಾರಿ ಕಾರ್ಯಕ್ರಮವಾಗಿ ಮಾಡಿದರು. ನಗಾನೊ ಪ್ರಾಂತ್ಯದ ಅಕಸಾವಾ ಕಾಡಿನಲ್ಲಿ ಅದು ಶುರುವಾಯಿತು. ಕಾಡಿನಲ್ಲಿ ಹೊತ್ತು ಕಳೆದವರ ಒತ್ತಡ, ರಕ್ತದೊತ್ತಡ ಇಳಿಯುತ್ತದೆ ಅಂತ ಆಮೇಲೆ ಹಲವು ಅಧ್ಯಯನಗಳು ತೋರಿಸಿದವು. ಹಾಗಂತ ಕಾಡು ಸಕ್ಕರೆ ಕಾಯಿಲೆ, ಕ್ಯಾನ್ಸರ್ ವಾಸಿ ಮಾಡುತ್ತದೆ ಅಂತ ಯಾರಾದರೂ ಜಾಹೀರಾತು ಕೊಟ್ಟರೆ ನಂಬಬೇಡಿ, ನಿಮ್ಮ ಯೋಜನೆಯಲ್ಲಂತೂ ಅಂಥ ಮಾತು ಬರಲೇಬಾರದು. ಇನ್ನೊಂದು ವಿಷಯ. ಅಕಸಾವಾದ ಕಾಡಿನಲ್ಲಿ ಆನೆ ಇಲ್ಲ, ಹುಲಿ ಇಲ್ಲ. ನಮ್ಮಲ್ಲಿ ಎರಡೂ ಇವೆ, ಜೊತೆಗೆ ಚಿರತೆ, ಕರಡಿ, ಕಾಟಿ. ಕಣ್ಣು ಮುಚ್ಚಿ ಮರ ತಬ್ಬಿಕೊಂಡು ಒಬ್ಬರೇ ನಿಲ್ಲುವ ಕಾರ್ಯಕ್ರಮ ಜಪಾನಿನಲ್ಲಿ ನಡೆದೀತು, ನಮ್ಮ ಬಿಳಿಗಿರಿ ಕಾಡಿನ ಕ್ಯಾತದೇವರ ಗುಡಿಯ ಹತ್ತಿರ ನಡೆಯೋದಿಲ್ಲ. ಅಲ್ಲಿಂದ ನಿಧಾನವನ್ನು ಕಲಿಯಬಹುದು, ದಾರಿ ನಕ್ಷೆಯನ್ನು ತರಬೇಡಿ.

ಹಾಗಾದರೆ ನಮ್ಮ ಕಾಡಿನಲ್ಲಿ ಹೇಗೆ ನಡೆಯಬೇಕು ಅಂತ ಗೊತ್ತಿರೋದು ಸೋಲಿಗರಿಗೆ. ಬಿಳಿಗಿರಿಯ ಕಾಡನ್ನು ಅವರು ಕುಲಗಳ ಲೆಕ್ಕದಲ್ಲಿ ಎಲ್ಲೆ ಎಲ್ಲೆಯಾಗಿ ಹಂಚಿಕೊಂಡಿದ್ದಾರೆ. ಪ್ರತಿ ಎಲ್ಲೆಯಲ್ಲೂ ದೇವರು, ಮಾರಮ್ಮ, ವೀರು, ಅಬ್ಬಿ, ಕಲ್ಲುಗುಡಿ ಇರುತ್ತವೆ. ಅಬ್ಬಿ ನೀರಿನ ಜಾಗ, ಕಲ್ಲುಗುಡಿ ಸತ್ತ ಹಿರಿಯರ ಜಾಗ. ಇವುಗಳನ್ನೆಲ್ಲ ಸೋಲಿಗರು ಬೆಂಗಳೂರಿನ ಏಟ್ರೀ ಅನ್ನುವ ಪರಿಸರ ಸಂಶೋಧನಾ ಸಂಸ್ಥೆಯವರ ಜೊತೆ ಕಾಡು ಸುತ್ತಿ ಗುರುತಿಸಿ ನಕ್ಷೆಯನ್ನೂ ಮಾಡಿದ್ದಾರೆ. ಭಾರ್ಗವಿ ಹೊಳೆಯ ದಡದಲ್ಲಿರುವ ದೊಡ್ಡ ಸಂಪಿಗೆ ಮರ ಅವರಿಗೆ ಬರೀ ಹಳೆಯ ಮರ ಅಲ್ಲ, ಸಾಕ್ಷಾತ್ ದೇವರು. ಬೆಟ್ಟದ ರಂಗಸ್ವಾಮಿ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದ ಅನ್ನೋದು ಅವರ ಕಥೆ. ಅದಕ್ಕೇ ಆ ದೇವರನ್ನು ರಂಗಭಾವ ಅಂತ ಕರೆಯುತ್ತಾರೆ. ದೇವರನ್ನೇ ಭಾವ ಅನ್ನುವ ಜನರ ಮನೆ ಅಂಗಳ ಅದು. ನೀವು ಧ್ಯಾನದ ಜಾಗ ಅಂತ ಬೋರ್ಡು ಹಾಕೋಕೆ ಹೊರಟ ಬಂಡೆ ಯಾರದೋ ಅಜ್ಜನ ಕಲ್ಲುಗುಡಿ ಆಗಿರಬಹುದು. ಯಾವ ಜಾಗಕ್ಕೆ ಹೊರಗಿನವರು ಬರಬಹುದು, ಎಲ್ಲಿಗೆ ಬರಲೇಬಾರದು, ಎಲ್ಲಿ ಚಪ್ಪಲಿ ಬಿಡಬೇಕು ಅನ್ನೋದನ್ನು ತಮ್ಮಡಿ (ಅವರ ಪೂಜಾರಿ) ಮತ್ತು ಯಜಮಾನರು ಹೇಳಬೇಕು. ಹೇಳಿದ್ದನ್ನು ಯೋಜನೆಯಲ್ಲಿ ಹಾಗೇ ಬರೆಯಬೇಕು.

ಇದು ಬರೀ ಗೌರವದ ಮಾತಲ್ಲ, ಹಕ್ಕಿನ ಮಾತು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಸೋಲಿಗರ ಬೇಟೆ ನಿಂತಿತು, ಕಾಡಿನೊಳಗಿನ ಬೇಸಾಯವೂ ನಿಂತಿತು. ತರಗೆಲೆಗೆ ಸಣ್ಣದಾಗಿ ಬೆಂಕಿ ಹಾಕಿ ಕಾಡು ಹಸನು ಮಾಡುವ ತರಗು ಬೆಂಕಿಯೂ ನಿಂತಿತು. ಲಂಟಾನ ಅನ್ನುವ ಕಳೆ ಗಿಡ ಈ ಪಾಟಿ ಹಬ್ಬೋಕೆ ಅದೇ ಕಾರಣ ಅಂತ ಸೋಲಿಗ ಹಿರಿಯರು ಹೇಳುತ್ತಾರೆ. ಆಮೇಲೆ ಜೇನು, ನೆಲ್ಲಿಕಾಯಿ, ಪಾಸಿ ತರೋದಕ್ಕೂ ತಡೆ ಬಂತು. 2011ರ ಶುರುವಿನಲ್ಲಿ ಬಿಳಿಗಿರಿ ಹುಲಿ ಸಂರಕ್ಷಿತ ಪ್ರದೇಶ ಆಯಿತು. ಅದೇ ವರ್ಷ, 2006ರ ಅರಣ್ಯ ಹಕ್ಕು ಕಾಯ್ದೆಯ ಕೆಳಗೆ, 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಕಾಡಿನೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಅದು ಮೊದಲು. ಅಷ್ಟು ಹೋರಾಡಿ ಪಡೆದ ಕಾಡಿಗೆ ಬೇರೆ ಯಾರೋ ಯೋಜನೆ ಬರೆದು ತಂದು, ಕೊನೆಯ ಪುಟದಲ್ಲಿ ಸಹಿ ಹಾಕಿ ಅಂದರೆ ಯಾರಿಗೆ ಸಿಟ್ಟು ಬರೋದಿಲ್ಲ ಹೇಳಿ?

ಜಾಗದ ವಿಷಯಕ್ಕೆ ಬರೋಣ. 2012ರಲ್ಲಿ ಬಂದ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ ಪ್ರಕಾರ ಕಾಡಿನ ನಡುಭಾಗದಲ್ಲಿ ಪ್ರವಾಸಕ್ಕೆ ಅಂತ ಹೊಸ ಕಟ್ಟಡ ಕಟ್ಟುವ ಹಾಗಿಲ್ಲ, ಈಗಿರುವ ಪ್ರವಾಸವೂ ನಡುಭಾಗದ ಶೇ. 20ರ ಒಳಗೇ ಇರಬೇಕು. ಆರೋಗ್ಯ ಪ್ರವಾಸಕ್ಕೆ ನಡುಕಾಡು ಬೇಕಾಗಿಯೂ ಇಲ್ಲ. ಪೋಡಿನ ಸುತ್ತ ಸೋಲಿಗರು ಬೆಳೆಸಿದ ಕಾಫಿ ತೋಟಗಳಿವೆ. ನೆರಳಿಗೆ ದೊಡ್ಡ ಮರ, ಮರಕ್ಕೆ ಮೆಣಸಿನ ಬಳ್ಳಿ, ನಡುವೆ ಹಲಸು. ಅಲ್ಲಿ ಬೆಳಿಗ್ಗೆ ಏಳೂವರೆಯ ಮೇಲೆ ಒಬ್ಬ ಸೋಲಿಗರ ಜೊತೆ ನಾಲ್ಕೈದು ಜನ ನಡೆದರೆ ಸಾಕು, ಹಕ್ಕಿಯ ದನಿ, ಮಣ್ಣಿನ ವಾಸನೆ, ಎಲೆ ಬಿಡಿಸಿ ಮೂಸೋದು ಎಲ್ಲಾ ಸಿಗುತ್ತದೆ. ಮಾತು ಕಮ್ಮಿ ಇರಬೇಕು ಅಷ್ಟೇ. ಬೆಟ್ಟದ ಬುಡದಲ್ಲಿ, ಯಳಂದೂರು ಕಡೆಯ ಹಳ್ಳಿಗಳಲ್ಲಿ ಉಳಿಯುವ ವ್ಯವಸ್ಥೆ ಮಾಡಿದರೆ ಬೆಟ್ಟದ ಮೇಲೆ ಕಟ್ಟಡವೂ ಬೇಡ, ಹೊಸ ಕೊಳವೆ ಬಾವಿಯೂ ಬೇಡ. ಊಟಕ್ಕೆ ರಾಗಿ ಮುದ್ದೆ, ಹುರುಳಿ ಸಾರು, ಸೊಪ್ಪು ಇದೆ. ಬೆಂಗಳೂರಿನಿಂದ ತಂದ ಬ್ರೆಡ್ಡಿನ ಆರೋಗ್ಯ ಊಟ ನಮ್ಮಲ್ಲಿ ಯಾಕೆ?

ವಾಹನಕ್ಕೆ ದಾರಿ ನಮ್ಮ ಜಿಲ್ಲೆಯಲ್ಲೇ ಇದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ಗಾಡಿ ಬಿಡೋದಿಲ್ಲ. ಕೆಳಗೆ ನಿಲ್ಲಿಸಿ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಹೋಗಬೇಕು. ಆ ಬಸ್ಸು ಬಂದ ಮೇಲೆ ಬೆಟ್ಟದ ಮೇಲೆ ಹಾರ್ನ್ ಗದ್ದಲ ಕಮ್ಮಿ ಆಗಿದೆ, ಭಕ್ತರು ಬರೋದು ನಿಂತಿಲ್ಲ. ಬಿಳಿಗಿರಿಗೂ ಹಾಗೇ ಮಾಡಬಹುದು. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ ಇದೆ. ಅದನ್ನು ತೆಗೆಯಿರಿ ಅಂತ ಒತ್ತಾಯ ಆಗಾಗ ಏಳುತ್ತಲೇ ಇರುತ್ತದೆ. ತಾಳವಾಡಿ ಕಡೆಯಿಂದ ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಾಟಿನ 27 ತಿರುವುಗಳಲ್ಲೂ 2022ರಿಂದ ರಾತ್ರಿ ತಡೆ ಇದೆ. ಕಾಡಿನ ಆರೋಗ್ಯ ಅಂತ ಹೆಸರಿಟ್ಟುಕೊಂಡ ಯಾವ ಯೋಜನೆಯೂ ಈ ತಡೆಗಳನ್ನು ಸಡಿಲ ಮಾಡಿ ಅಂತ ಕೇಳಬಾರದು. ಈ ವಿಷಯದಲ್ಲಿ ನನಗೆ ರಾಜಿ ಇಲ್ಲ.

ಕಾಲವನ್ನೂ ನೋಡಬೇಕು. ಜನವರಿ ಕಳೆದರೆ ನಮ್ಮ ಕುರುಚಲು ಕಾಡು ಒಣಗಿ ನಿಲ್ಲುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೇಗೆ ಹೊತ್ತಿ ಉರಿಯಿತು ಅಂತ ನೋಡಿದವರು ಬೇಸಿಗೆಯಲ್ಲಿ ಕಾಡಿನೊಳಗೆ ಜನ ಕಳಿಸುವ ಮಾತಾಡೋದಿಲ್ಲ. ಮಂಗನ ಕಾಯಿಲೆ ಬಂಡೀಪುರದ ಮಂಗಗಳಲ್ಲಿ ಕಂಡಿದ್ದು 2012ರ ಕೊನೆಯಲ್ಲಿ. ಆ ಕಾಯಿಲೆ ಹರಡೋದು ಉಣುಗಿನಿಂದ, ಅದರ ಕಾಟ ಜಾಸ್ತಿ ಇರೋದು ಒಣ ತಿಂಗಳುಗಳಲ್ಲಿ. ಆರೋಗ್ಯಕ್ಕೆ ಅಂತ ಬಂದವರು ಜ್ವರ ಹೊತ್ತುಕೊಂಡು ಹೋಗಬಾರದು. ಮಂಗ ಸತ್ತ ಸುದ್ದಿ ಬಂದ ಕೂಡಲೇ ಆ ದಾರಿ ಮುಚ್ಚುವ ಅಧಿಕಾರ ಆರೋಗ್ಯ ಇಲಾಖೆಗೂ ಪೋಡಿನವರಿಗೂ ಇರಬೇಕು. ನನ್ನ ಲೆಕ್ಕದಲ್ಲಿ ಫೆಬ್ರವರಿಯಿಂದ ಮೊದಲ ಮಳೆ ಬೀಳುವವರೆಗೆ ದಾರಿಗಳು ಮುಚ್ಚಿರಲಿ. ಕಾಡಿಗೂ ರಜೆ ಬೇಕು.

ಅಷ್ಟೇ ಮುಖ್ಯವಾದದ್ದು ಇಲ್ಲಿನವರ ಆರೋಗ್ಯ. ಡಾ. ಎಚ್. ಸುದರ್ಶನ್ 1981ರಲ್ಲಿ ಬಿಳಿಗಿರಿ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಆಸ್ಪತ್ರೆ, ಶಾಲೆ ಬಂದವು. ಸೋಲಿಗರಲ್ಲಿ ಹೆತ್ತವರಿಂದ ಮಕ್ಕಳಿಗೆ ಬರುವ ಸಿಕಲ್ ಸೆಲ್ ರಕ್ತಹೀನತೆ ಇದೆ ಅನ್ನೋದನ್ನು ಅಲ್ಲಿನವರೇ ಬೆಳಕಿಗೆ ತಂದರು. ಆದರೂ ದೂರದ ಪೋಡಿನಲ್ಲಿ ರಾತ್ರಿ ಹೊತ್ತು ಹೆರಿಗೆ ನೋವು ಬಂದರೆ ಗಾಡಿ ಸಿಗೋದು ಇವತ್ತಿಗೂ ಕಷ್ಟ. ಪ್ರವಾಸಿಗೆ ಅಂತ ಒಂದು ಆಂಬುಲೆನ್ಸ್ ಬಂದರೆ ಅದು ಮೊದಲು ಆ ತಾಯಿಗೆ ಸಿಗಬೇಕು. ಈ ಸಾಲನ್ನು ಯೋಜನೆಯಲ್ಲೇ ಬರೆದಿಡಿ, ಆಮೇಲೆ ನೋಡೋಣ ಅನ್ನಬೇಡಿ.

ದುಡ್ಡಿನ ವಿಷಯ. ನಮ್ಮ ಕಡೆ ಪ್ರವಾಸೋದ್ಯಮ ಅಂದರೆ ಊರವರಿಗೆ ಸಿಗೋದು ಬಹುಪಾಲು ರೂಮು ಗುಡಿಸುವ ಕೆಲಸ, ತೋಟದ ಕೆಲಸ. ಕಾಡು ಗೊತ್ತಿರುವವನು ಪೊರಕೆ ಹಿಡಿದು, ಗೊತ್ತಿಲ್ಲದವನು ಮೈಕು ಹಿಡಿದರೆ ಬಂದವರಿಗೂ ನಷ್ಟ. ನಡೆಸುವವರು ಸೋಲಿಗ ಯುವಕ ಯುವತಿಯರೇ ಆಗಲಿ. ಬಂದ ದುಡ್ಡಿನಲ್ಲಿ ಗೊತ್ತಾದ ಪಾಲು ನೇರವಾಗಿ ಗ್ರಾಮಸಭೆಯ ಖಾತೆಗೆ ಹೋಗಲಿ. ಜೇನು, ಕಾಫಿ, ಮಲೆ ಮಹದೇಶ್ವರ ಬೆಟ್ಟದಲ್ಲಿ ಲಂಟಾನದಿಂದ ಮಾಡುವ ಕುರ್ಚಿ, ಬುಟ್ಟಿ, ಇವಕ್ಕೆಲ್ಲ ದಲ್ಲಾಳಿ ಇಲ್ಲದ ಮಾರುಕಟ್ಟೆ ಸಿಕ್ಕರೆ ಅದು ದೊಡ್ಡ ಲಾಭ. ಸೋಲಿಗರ ಗೊರುಕನ ಕುಣಿತವನ್ನು ಮಾತ್ರ ದಿನಾ ಸಂಜೆ ಪ್ರವಾಸಿಗರ ಮುಂದೆ ಮಾಡಿಸಬೇಡಿ. ತಮ್ಮ ರೊಟ್ಟಿ ಹಬ್ಬಕ್ಕೆ ಅವರೇ ಕರೆದರೆ ಹೋಗಿ, ಕರೆಯದಿದ್ದರೆ ಬೇಡ.

ಕಾಡಂಚಿನ ರೈತರನ್ನೂ ಮರೆಯಬೇಡಿ. ರಾತ್ರಿಯಿಡೀ ಆನೆ ಕಾಯುವವರು, ದನ ಕಳೆದುಕೊಂಡು ಪರಿಹಾರಕ್ಕೆ ಅಲೆಯುವವರು ಅವರು. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿ ವಿಷದಿಂದ ಸತ್ತವು. ವಿಷ ಹಾಕಿದ್ದು ಸತ್ತ ಹಸುವಿನ ದೇಹಕ್ಕೆ. ಆ ಸುದ್ದಿ ಓದಿ ನಮ್ಮ ಜಿಲ್ಲೆಯಲ್ಲಿ ಎಷ್ಟೋ ಜನಕ್ಕೆ ಊಟ ಸೇರಲಿಲ್ಲ. ಅದೇ ವರ್ಷ ನವೆಂಬರ್‌ನಲ್ಲಿ, ಹುಲಿ ದಾಳಿಗೆ ಜನ ಬಲಿಯಾದ ಮೇಲೆ, ಬಂಡೀಪುರ ಮತ್ತು ನಾಗರಹೊಳೆಯ ಸಫಾರಿಯನ್ನೇ ಸರ್ಕಾರ ನಿಲ್ಲಿಸಿತು. ಕಾಡಂಚಿನ ಊರು ಸಿಟ್ಟಿನಲ್ಲಿದ್ದರೆ ಕಾಡೊಳಗಿನ ಪ್ರವಾಸ ಒಂದು ದಿನದಲ್ಲಿ ನಿಲ್ಲುತ್ತದೆ. ಪ್ರವಾಸದ ಆದಾಯದಲ್ಲಿ ಒಂದು ಭಾಗ ಬೆಳೆ ಮತ್ತು ಜಾನುವಾರು ಪರಿಹಾರದ ನಿಧಿಗೆ ಸೇರಿ, ವಾರದೊಳಗೆ ರೈತನ ಕೈಗೆ ಸಿಗುವಂತೆ ಮಾಡಿ.

ನೀವು ಬರೋದಾದರೆ ಮಳೆ ನಿಂತ ಮೇಲೆ, ವಾರದ ದಿನ ಬನ್ನಿ. ರಾಗಿ ಕುಯ್ಲಿನ ದಿನಗಳಲ್ಲಿ ಸಭೆಗೆ ಜನ ಸಿಗೋದಿಲ್ಲ, ಯಜಮಾನರನ್ನು ಕೇಳಿಕೊಂಡೇ ದಿನ ಗೊತ್ತು ಮಾಡಿ. ಕರಡು ಯೋಜನೆ ಕನ್ನಡದಲ್ಲಿರಲಿ, ಸಭೆಯಲ್ಲಿ ಗಟ್ಟಿಯಾಗಿ ಓದಿ, ಹೆಂಗಸರು ಏನಂತಾರೆ ಅಂತ ಬೇರೆಯಾಗಿ ಕೇಳಿ. ಅದೇ ದಿನ ಒಪ್ಪಿಗೆ ಕೇಳಬೇಡಿ, ಅವರು ತಮ್ಮೊಳಗೆ ಮಾತಾಡಿಕೊಳ್ಳೋಕೆ ಬಿಡಿ. ಸಂಜೆ ಆರಕ್ಕೆ ಕಾಡಿನ ಗೇಟು ಹಾಕುತ್ತಾರೆ, ದೂರದ ಪೋಡಿನವರು ಕತ್ತಲಾಗುವ ಮೊದಲು ಮನೆ ಸೇರಬೇಕು. ಹಾಗಾಗಿ ಸಭೆಯನ್ನು ಬೆಳಿಗ್ಗೆಯೇ ಇಟ್ಟುಕೊಳ್ಳಿ.