ಒಬ್ಬರೇ ಎರಡು ಸಲ ಬಂದರೆ ಎಷ್ಟು ಜನ ಎಂದು ಎಣಿಸಬೇಕು?

ಪ್ರಶ್ನೆ: ನಾನು ಸಮುದಾಯ ಆರೋಗ್ಯ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗಾಗಿ ಸುರತ್ಕಲ್ ಕಡೆಯ ಒಂದು ಕ್ಲಿನಿಕ್‌ನ ಜ್ವರದ ರಿಜಿಸ್ಟರ್ ತೆಗೆದುಕೊಂಡು, ಕಟ್ಟಡ ಕೆಲಸಕ್ಕೂ ಮಲೇರಿಯಾಕ್ಕೂ ಸಂಬಂಧ ಇದೆಯಾ ಎಂದು ನೋಡುತ್ತಿದ್ದೇನೆ. ಗೈಡ್ ಕೈ ಸ್ಕ್ವೇರ್ ಪರೀಕ್ಷೆ (ಎರಡು ವಿಷಯಗಳಿಗೆ ಸಂಬಂಧ ಇದೆಯೇ ಎಂದು ನೋಡುವ ಲೆಕ್ಕ) ಮಾಡಲು ಹೇಳಿದ್ದಾರೆ. ಕೆಲವರು ಎರಡು ಮೂರು ಸಲ ಬಂದಿದ್ದಾರೆ. ಪ್ರತಿ ಸಲವನ್ನೂ ಒಂದೊಂದು ಎಂಟ್ರಿ ಮಾಡಿದ್ದೇನೆ, ಸರಿಯಾ? ಪಿ ಮೌಲ್ಯ 0.05ಕ್ಕಿಂತ ಕಡಿಮೆ ಬಂದರೆ ಕಟ್ಟಡ ಕೆಲಸದಿಂದ ಮಲೇರಿಯಾ ಬರುತ್ತದೆ ಎಂದು ಬರೆಯಬಹುದಾ?
— ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಎರಡಕ್ಕೂ ನನ್ನ ಉತ್ತರ ‘ಇಲ್ಲ’ ಎಂದೇ. ಆದರೆ ಕೇಳಿದ್ದು ತುಂಬಾ ಒಳ್ಳೆಯದಾಯಿತು. ಮೊದಲನೆಯದನ್ನು ಲೆಕ್ಕ ಮಾಡಿಯೇ ನೋಡೋಣ. ಸಂಖ್ಯೆಗಳು ಉದಾಹರಣೆಗೆ ನಾನು ಇಟ್ಟುಕೊಂಡವು.

ಒಟ್ಟು 200 ಎಂಟ್ರಿ. ಕಟ್ಟಡ ಕೆಲಸದವರು 80, ಅವರಲ್ಲಿ 18 ಮಲೇರಿಯಾ. ಉಳಿದವರು 120, ಅವರಲ್ಲಿ 12. ಅಂದರೆ ಒಂದು ಕಡೆ ಶೇ 22.5, ಇನ್ನೊಂದು ಕಡೆ ಶೇ 10. ಕೆಲಸಕ್ಕೂ ಕಾಯಿಲೆಗೂ ಏನೂ ಸಂಬಂಧ ಇಲ್ಲದಿದ್ದರೆ ಎಷ್ಟು ಬರಬೇಕಿತ್ತು? ಅಡ್ಡಸಾಲಿನ ಮೊತ್ತವನ್ನು ಕಂಬಸಾಲಿನ ಮೊತ್ತದಿಂದ ಗುಣಿಸಿ, ಒಟ್ಟು ಸಂಖ್ಯೆಯಿಂದ ಭಾಗಿಸಿ. 80 × 30 ÷ 200, ಅಂದರೆ 12. ಬಂದದ್ದು 18. ಹೀಗೆ ಕೋಷ್ಟಕದ ನಾಲ್ಕೂ ಮನೆಗಳಲ್ಲಿ (ಕಟ್ಟಡ ಕೆಲಸದವರು ಮತ್ತು ಉಳಿದವರು, ಮಲೇರಿಯಾ ಇರುವವರು ಮತ್ತು ಇಲ್ಲದವರು) ವ್ಯತ್ಯಾಸದ ವರ್ಗವನ್ನು ನಿರೀಕ್ಷಿತ ಸಂಖ್ಯೆಯಿಂದ ಭಾಗಿಸಿ ಕೂಡಿದರೆ 5.88 ಬರುತ್ತದೆ. ಎರಡು ಸಾಲು, ಎರಡು ಕಂಬದ ಕೋಷ್ಟಕಕ್ಕೆ ಗಡಿ 3.84. ಅದನ್ನು ದಾಟಿದರೆ ಪಿ ಮೌಲ್ಯ, ಅಂದರೆ ಸಂಬಂಧ ಇಲ್ಲದಿದ್ದರೂ ಆಕಸ್ಮಿಕವಾಗಿ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ಅಂತರ ಬರುವ ಸಾಧ್ಯತೆ, 0.05ಕ್ಕಿಂತ ಕಡಿಮೆ. ದಾಟಿತು. ಸಂಬಂಧ ಇದೆ ಎಂದು ಬರೆದುಬಿಡಬಹುದು ಅನ್ನಿಸುತ್ತದೆ, ಅಲ್ವಾ?

ಈಗ ಆ 18ರಲ್ಲಿ 5 ಎಂಟ್ರಿ ಮೊದಲೇ ಎಣಿಸಿದವರದ್ದೇ ಎಂದುಕೊಳ್ಳಿ. ಅವನ್ನು ತೆಗೆದರೆ ಕಟ್ಟಡ ಕೆಲಸದವರು 75, ಮಲೇರಿಯಾ 13. ಮತ್ತೆ ಲೆಕ್ಕ ಮಾಡಿ: 2.22. ಗಡಿಯಿಂದ ಕೆಳಗೆ! ಬರೀ ಐದು ಎಂಟ್ರಿಗೆ ತೀರ್ಮಾನವೇ ಬದಲಾಯಿತು. ಹಾಗಂತ ಸಂಬಂಧವೇ ಇಲ್ಲ ಎಂದು ಸಾಬೀತಾಗಲಿಲ್ಲ. ಶೇ 17 ಮತ್ತು ಶೇ 10ರ ಅಂತರ ಇನ್ನೂ ಇದೆ. ಇಷ್ಟು ಜನರ ಮಾಹಿತಿ ಅದನ್ನು ಖಚಿತವಾಗಿ ಹೇಳಲು ಸಾಲದು, ಅಷ್ಟೇ.

ಮಂಗಳೂರಿನ ರಿಜಿಸ್ಟರ್‌ಗಳಲ್ಲಿ ಇದನ್ನು ವಿಶೇಷವಾಗಿ ನೋಡಬೇಕು. ಇಲ್ಲಿ ಹೆಚ್ಚು ಕಂಡುಬಂದಿರುವುದು ವೈವಾಕ್ಸ್ ಮಲೇರಿಯಾ. ಅದರ ರೋಗಾಣು ಯಕೃತ್ತಿನಲ್ಲಿ ಅಡಗಿ ಕೂತು, ವಾರಗಳ ಅಥವಾ ತಿಂಗಳುಗಳ ನಂತರ ಮತ್ತೆ ಜ್ವರ ತರಬಹುದು. ಅದಕ್ಕೇ 14 ದಿನ ಪ್ರಿಮಾಕ್ವಿನ್ ಮಾತ್ರೆ ಕೊಡುವುದು. ಕೋರ್ಸ್ ಪೂರ್ತಿ ಮಾಡದವರು ಜಾಸ್ತಿ ಸಲ ಬರುತ್ತಾರೆ. ನೀವು ಎಣಿಸಬೇಕಾದದ್ದು ಜ್ವರವನ್ನಲ್ಲ, ಜನರನ್ನು. ಒಬ್ಬರು ಕೋಷ್ಟಕದ ಒಂದೇ ಮನೆಯಲ್ಲಿ, ಒಂದೇ ಸಲ ಇರಬೇಕು. ಮೊದಲ ಭೇಟಿಯನ್ನಷ್ಟೇ ಇಟ್ಟುಕೊಳ್ಳಿ.

ಇನ್ನೊಂದು ತೊಡಕು ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಒಂದೇ ಸೈಟಿನ ಶೆಡ್‌ನಲ್ಲಿ ಮಲಗುವ ಹತ್ತು ಜನರನ್ನು ಕಚ್ಚುವುದು ಅದೇ ಟ್ಯಾಂಕಿನಲ್ಲಿ ಹುಟ್ಟಿದ ಸೊಳ್ಳೆಗಳು. ಒಬ್ಬರಿಗೆ ಬಂದರೆ ಪಕ್ಕದವರಿಗೂ ಬರುವ ಸಾಧ್ಯತೆ ಹೆಚ್ಚು. ಹತ್ತು ಜನ ಇದ್ದರೂ ಹತ್ತು ಬೇರೆ ಬೇರೆ ಜನರಷ್ಟು ಮಾಹಿತಿ ಅವರಿಂದ ಸಿಗುವುದಿಲ್ಲ. ವಿಳಾಸ ನೋಡಿ ಸೈಟನ್ನೂ ಒಂದು ಕಾಲಮ್ಮಿನಲ್ಲಿ ಬರೆದುಕೊಳ್ಳಿ. ಇಂಥ ಗುಂಪುಗಳು ಜಾಸ್ತಿ ಇದ್ದರೆ ರಾವ್-ಸ್ಕಾಟ್ ತಿದ್ದುಪಡಿ (ಗುಂಪುಗಳನ್ನು ಗಮನಕ್ಕೆ ತೆಗೆದುಕೊಂಡು ಕೈ ಸ್ಕ್ವೇರ್ ಲೆಕ್ಕವನ್ನು ಸರಿಪಡಿಸುವ ವಿಧಾನ) ಬೇಕಾಗುತ್ತದೆ. ಗೈಡ್ ಜೊತೆ ಕೂತು ಮಾಡಿ.

ಎರಡನೇ ಪ್ರಶ್ನೆ. ಕೈ ಸ್ಕ್ವೇರ್ ಹೇಳುವುದು ಎರಡೂ ಒಟ್ಟಿಗೆ ಕಾಣುತ್ತಿವೆಯೇ ಎಂದು ಮಾತ್ರ. ಕಾರಣ ಯಾವುದು ಎಂದು ಅದು ಹೇಳುವುದಿಲ್ಲ. ನಗರದ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆ ಮೊಟ್ಟೆ ಇಡುವುದು ಓವರ್‌ಹೆಡ್ ಟ್ಯಾಂಕ್, ಬಾವಿ, ಕಟ್ಟಡಕ್ಕೆ ಕ್ಯೂರಿಂಗ್ ಮಾಡಲು (ಕಾಂಕ್ರೀಟು ಗಟ್ಟಿಯಾಗಲು) ನಿಲ್ಲಿಸಿದ ನೀರಿನಲ್ಲಿ. ಕಚ್ಚುವುದು ರಾತ್ರಿ. ಹಾಗಾದರೆ ಕಾರಣ ಕೆಲಸವೋ, ಸೊಳ್ಳೆಪರದೆ ಇಲ್ಲದೆ ಸೈಟಿನಲ್ಲೇ ಮಲಗುವುದೋ? ನಿಮ್ಮ ಕೋಷ್ಟಕದಿಂದ ಇದು ತಿಳಿಯುವುದಿಲ್ಲ. ‘ಸಂಬಂಧ ಕಂಡುಬಂದಿದೆ’ ಎಂದಷ್ಟೇ ಬರೆಯಿರಿ. ಎರಡೂ ಕಡೆಯ ಶೇಕಡಾವನ್ನು ತಪ್ಪದೆ ಕೊಡಿ. ಪಿ ಮೌಲ್ಯ ಒಂದನ್ನೇ ಕೊಟ್ಟರೆ ಓದುವವರಿಗೆ ಅಂತರ ಎಷ್ಟೆಂದು ಗೊತ್ತಾಗದು.

ಮಲೇರಿಯಾದ ಇನ್ನೊಂದು ಬಗೆಯಾದ ಫಾಲ್ಸಿಪಾರಮ್ ಕೇಸುಗಳನ್ನು ಬೇರೆ ಮಾಡಿದರೆ ಕೆಲವು ಮನೆಗಳಲ್ಲಿ ನಿರೀಕ್ಷಿತ ಸಂಖ್ಯೆ 5ಕ್ಕಿಂತ ಕೆಳಗಿಳಿಯಬಹುದು. ಆಗ ಕೈ ಸ್ಕ್ವೇರ್ ಬದಲು, ಸಣ್ಣ ಸಂಖ್ಯೆಗಳಿಗೂ ಹೊಂದುವ ಫಿಶರ್ ಪರೀಕ್ಷೆ ಬಳಸಿ. ಎಸ್‌ಪಿಎಸ್‌ಎಸ್ ಎಂಬ ಅಂಕಿಅಂಶ ಸಾಫ್ಟ್‌ವೇರಿನಲ್ಲಿ ಎರಡು ಸಾಲು, ಎರಡು ಕಂಬದ ಕೋಷ್ಟಕಕ್ಕೆ ಅದರ ಉತ್ತರವೂ ಕೈ ಸ್ಕ್ವೇರ್ ಫಲಿತಾಂಶದ ಜೊತೆಗೇ ಬರುತ್ತದೆ.